ಎಮ್ಮೆ ಮೇಲೆ ಕೂತು ಬಂದ ದನಿ: ರಾಜ್‌ಕುಮಾರ್ ಗಾಯಕರಾದ ಕಥೆ

ಈ ವಾರದ ವಿಡಿಯೋ ಮಾತಿನ ಬರಹ ರೂಪ ಇಲ್ಲಿದೆ. ಕ್ಯಾಬಲ್ಲಿ ಕೂತಾಗ, ಬಿಲ್ಡ್ ಓಡ್ತಿರುವಾಗ, ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಓದೋರಿಗೆ ಅಂತ ಸ್ವಲ್ಪ ತಿದ್ದಿದ್ದೀನಿ. ವಿಡಿಯೋದಲ್ಲಿ ಹೇಳೋಕೆ ಸಮಯ ಸಿಗದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

1974. ‘ಸಂಪತ್ತಿಗೆ ಸವಾಲ್’ ಸಿನಿಮಾ. ನಿರ್ದೇಶನ ಎ.ವಿ. ಶೇಷಗಿರಿ ರಾವ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡು ಚಿ. ಉದಯಶಂಕರ್. ತೆರೆ ಮೇಲೆ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು, ಆ ಎಮ್ಮೆಯನ್ನೇ ಹೊಗಳ್ತಾ ಬರ್ತಾರೆ. ಊರೆಲ್ಲ ಗಲಾಟೆ ಮಾಡಿದ್ರೂ ತನ್ನ ನೆಮ್ಮದಿ ಕೆಡಿಸಿಕೊಳ್ಳದ ಪ್ರಾಣಿ ಅದು. ‘ಯಾರೇ ಕೂಗಾಡಲಿ’ ಹಾಡನ್ನ ನಮ್ಮಲ್ಲಿ ಕೇಳದೇ ಇರೋರು ಯಾರೂ ಇರಲಿಕ್ಕಿಲ್ಲ. ಅಪ್ರೈಸಲ್ ಮುಗಿದ ಸಂಜೆ ಇದನ್ನ ಸ್ಟೇಟಸ್ ಹಾಕೋ ಗೆಳೆಯರು ನನಗೇ ನಾಲ್ಕು ಜನ ಇದ್ದಾರೆ.

ಈ ಹಾಡಿನ ಹಿಂದಿನ ಕಥೆನೂ ನಿಮಗೆ ಗೊತ್ತಿರುತ್ತೆ. ಅಣ್ಣಾವ್ರಿಗೆ ಯಾವಾಗ್ಲೂ ಹಾಡ್ತಿದ್ದವರು ಪಿ.ಬಿ. ಶ್ರೀನಿವಾಸ್. ಆ ಸಲ ಅವರಿಗೆ ಹುಷಾರಿರಲಿಲ್ಲ. ನೀವೇ ಹಾಡಿಬಿಡಿ ಅಂದ್ರು, ಅಣ್ಣಾವ್ರು ಹಾಡಿದ್ರು, ನಾಡೆಲ್ಲ ಬೆರಗಾಯ್ತು. ಇಪ್ಪತ್ತು ವರ್ಷದಿಂದ ಸ್ಟಾರ್ ಆಗಿರೋ ನಟ, ವಯಸ್ಸು 45, ದಿಢೀರ್ ಅಂತ ಗಾಯಕ.

ಕಥೆ ಚೆನ್ನಾಗಿದೆ. ಆದರೆ ಈ ‘ದಿಢೀರ್’ ಅನ್ನೋ ಪದದ ಬಗ್ಗೆ ನನಗೆ ತಕರಾರಿದೆ. ಆ ಮನುಷ್ಯ ಹಾಡಿದ್ದಕ್ಕೆ ನಾವು ಬೆರಗಾಗೋದಲ್ಲ, ಇಪ್ಪತ್ತು ವರ್ಷ ಯಾಕೆ ಹಾಡಲಿಲ್ಲ ಅಂತ ಬೆರಗಾಗಬೇಕಿತ್ತು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲಿಂದ ನೋಡೋಣ. ಮುತ್ತುರಾಜ್ ಹುಟ್ಟಿದ್ದು 24 ಏಪ್ರಿಲ್ 1929, ಗಾಜನೂರಿನಲ್ಲಿ. ಈಗ ಅದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಊರು. ಗಡಿಯಾಚೆ ಇರೋ ಕನ್ನಡಿಗರು ನಾವು ಅಂತ ಆಗಾಗ ಹೇಳ್ಕೊಳ್ತೀವಲ್ಲ, ನಮ್ಮ ಅತಿ ದೊಡ್ಡ ನಟನ ಹುಟ್ಟೂರೇ ಗಡಿಯಾಚೆ ಇದೆ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ವೃತ್ತಿ ರಂಗಭೂಮಿಯ ಹೆಸರಾಂತ ನಟ. ಹುಡುಗ ಬೆಳೆದದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ತಮ್ಮ ವರದರಾಜು, ತಂಗಿ ಶಾರದಮ್ಮ ಕೂಡ ಅಲ್ಲೇ.

ಈಗಿನವರಿಗೆ ‘ಕಂಪನಿ’ ಅಂದ್ರೆ ಬೇರೆ ಏನೋ ನೆನಪಾಗುತ್ತೆ. ಕಂಪನಿ ನಾಟಕ ಅಂದ್ರೆ ಊರಿಂದ ಊರಿಗೆ ಹೋಗಿ, ಟೆಂಟ್ ಹಾಕಿ, ರಾತ್ರಿಯಿಡೀ ಆಡೋ ಆಟ. ಕಾಲುಪೆಟ್ಟಿಗೆ ಹಾರ್ಮೋನಿಯಂ, ತಬಲ, ಪೌರಾಣಿಕ ಕಥೆ, ರಂಗಗೀತೆ. ಮೈಕ್ ಬರೋ ಮುಂಚೆ ಕೊನೆ ಸಾಲಲ್ಲಿ ಕೂತವನಿಗೂ ಅಕ್ಷರ ಅಕ್ಷರ ಕೇಳಿಸಬೇಕು. ಜನ ‘ಒನ್ಸ್ ಮೋರ್’ ಅಂದ್ರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಹಾಡಿ ಮತ್ತೆ ಸಾಯಬೇಕು. ಹಾಡೋಕೆ ಬರದ ನಟ ಅಲ್ಲಿ ದ್ವಾರಪಾಲಕನಾಗೇ ಉಳೀತಿದ್ದ. ಮುತ್ತುರಾಜ್ ಕಲಿತ ಕೆಲಸವೇ ಇದು. ನಟನೆ ಒಂದು ಕೆಲಸ, ಗಾಯನ ಇನ್ನೊಂದು ಕೆಲಸ ಅನ್ನೋ ಭಾಗಾಕಾರ ಅಲ್ಲಿರಲಿಲ್ಲ.

ಸಿನಿಮಾ ಶುರುವಾದಾಗಲೂ ಇರಲಿಲ್ಲ. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಿಡುಗಡೆಯಾದದ್ದು 1934ರಲ್ಲಿ. ಇಂದ್ರಜಿತ್ ಪಾತ್ರದ ಸುಬ್ಬಯ್ಯ ನಾಯ್ಡು ರಂಗದ ಮೇಲೆ ಹಾಡಿ ಹೆಸರು ಮಾಡಿದವರು. ರಾವಣನ ಪಾತ್ರ ಮಾಡಿದ ಆರ್. ನಾಗೇಂದ್ರ ರಾವ್ ಆ ಚಿತ್ರದ ಸಂಗೀತವನ್ನೂ ನೋಡಿಕೊಂಡರು. ನಟನೇ ಸಂಗೀತಗಾರ! ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಎರಡನ್ನೂ ಬರೆದರು. ಇಪ್ಪತ್ತು ವರ್ಷ ಆದ ಮೇಲೂ, 1955ರ ‘ಮಹಾಕವಿ ಕಾಳಿದಾಸ’ದಲ್ಲಿ ನಾಯಕ ಹೊನ್ನಪ್ಪ ಭಾಗವತರ್. ಹೆಸರಲ್ಲೇ ಗೊತ್ತಾಗುತ್ತೆ, ಅವರು ಕಚೇರಿ ಮಾಡಬಲ್ಲ ಗಾಯಕ. ಈ ಕಾಳಿದಾಸನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಾದ್ರೆ ಬೇರೆ ಮಾಡಿದವರು ಯಾರು? ಮೈಕು ಮತ್ತು ಮದ್ರಾಸು.

ಹಾಡನ್ನ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ, ಶೂಟಿಂಗಲ್ಲಿ ಅದನ್ನ ಹಾಕಿ ತುಟಿ ಆಡಿಸೋದು ಸಾಧ್ಯ ಆದ ಮೇಲೆ, ಹಾಡುವವನು ಚೆನ್ನಾಗಿ ಕಾಣಬೇಕಿಲ್ಲ, ಕಾಣುವವನು ಚೆನ್ನಾಗಿ ಹಾಡಬೇಕಿಲ್ಲ ಅಂತಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ದೊಡ್ಡ ಮಾನೊಲಿತ್ ಒಡೆದು ಎರಡು ಸರ್ವಿಸ್ ಆಯ್ತು. ಎರಡನ್ನೂ ಬೇರೆ ಬೇರೆ ಸ್ಕೇಲ್ ಮಾಡಬಹುದು. ಅದರಲ್ಲಿ ತಪ್ಪೇನಿಲ್ಲ. ಲತಾ, ರಫಿ, ಸುಶೀಲಾ, ಜಾನಕಿ ಎಲ್ಲ ಸಿಕ್ಕಿದ್ದೇ ಇದರಿಂದ. ಆಗೆಲ್ಲ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಬೇಕು, ಗಾಯಕ ಅದೇ ಹೊತ್ತಲ್ಲಿ ಹಾಡಬೇಕು. ಎಲ್ಲೋ ಒಂದು ಪಿಟೀಲು ತಪ್ಪಿದ್ರೂ ಮತ್ತೆ ಮೊದಲಿಂದ. ಅಂಡೂ ಬಟನ್ ಇಲ್ಲ, ಒಂದೊಂದೇ ಸಾಲು ತುಂಡು ತುಂಡಾಗಿ ಹಾಡಿ ಅಂಟಿಸೋ ಹಾಗಿಲ್ಲ. ಹಗಲೂ ರಾತ್ರಿ ಶಿಫ್ಟ್ ಮೇಲೆ ನಟಿಸ್ತಿರೋ ಸ್ಟಾರ್‌ಗಿಂತ ಇದನ್ನೇ ಕಸುಬು ಮಾಡಿಕೊಂಡಿರೋ ಗಾಯಕ ನಿರ್ಮಾಪಕನಿಗೆ ಎಷ್ಟೋ ಅಗ್ಗ, ಎಷ್ಟೋ ಸುರಕ್ಷಿತ.

ಇನ್ನೊಂದು ಮದ್ರಾಸು. ಆಗ ಕನ್ನಡ ಸಿನಿಮಾ ತಯಾರಾಗ್ತಿದ್ದದ್ದು ಹೆಚ್ಚಾಗಿ ಅಲ್ಲೇ. ನಾವು ಕಳಕ್ಕೂಟಂನಲ್ಲಿ ಪೀಜಿ ಹುಡುಕಿಕೊಂಡು ಇದ್ದೀವಲ್ಲ, ಹಾಗೆ ಆ ತಲೆಮಾರಿನ ಕನ್ನಡ ನಟರು ಕೋಡಂಬಾಕ್ಕಂ ಸುತ್ತಮುತ್ತ ಇದ್ದರು. ಕೆಲಸಕ್ಕೆ ವಲಸೆ ಹೋದವರು. 1954ರ ‘ಬೇಡರ ಕಣ್ಣಪ್ಪ’ದಿಂದ ಮುತ್ತುರಾಜ್ ರಾಜ್‌ಕುಮಾರ್ ಆದರು. ಕಣ್ಣಪ್ಪ ಶಿವನನ್ನ ಕರೆದು ಹಾಡ್ತಾನೆ ನೋಡಿ, ಆ ದನಿ ತಮಿಳಿನ ಸಿ.ಎಸ್. ಜಯರಾಮನ್ ಅವರದ್ದು. ಎರಡು ವರ್ಷ ಬಿಟ್ಟು ‘ಓಹಿಲೇಶ್ವರ’ದಲ್ಲಿ ತೆಲುಗಿನ ಘಂಟಸಾಲ. 1960ರ ‘ಭಕ್ತ ಕನಕದಾಸ’ದ ಹೊತ್ತಿಗೆ ಪಿ.ಬಿ. ಶ್ರೀನಿವಾಸ್. ಅವರ ಊರು ಕಾಕಿನಾಡ. ಕಂಪನಿಯಲ್ಲಿ ಹಾಡಿ ಬೆಳೆದ ಕನ್ನಡದ ಹುಡುಗ ಬಾಯಿ ಆಡಿಸ್ತಾನೆ, ಕನ್ನಡ ಇನ್ನೊಬ್ಬರ ಬಾಯಿಂದ ಬರುತ್ತೆ.

ಇದನ್ನ ದೂರು ಅಂತ ಓದಬೇಡಿ. ಪಿಬಿಎಸ್ ಅವರ ಕನ್ನಡ ನಮ್ಮ ಎಷ್ಟೋ ಜನರ ಕನ್ನಡಕ್ಕಿಂತ ಸ್ವಚ್ಛ. ಆ ದನಿ ರಾಜ್‌ಕುಮಾರ್ ಮುಖಕ್ಕೆ ಎಷ್ಟು ಒಪ್ಪಿತು ಅಂದ್ರೆ ತಾನು ಬರೀ ಶರೀರ, ಶಾರೀರ ಪಿಬಿಎಸ್ ಅಂತ ಅಣ್ಣಾವ್ರೇ ಹೇಳ್ತಿದ್ದರಂತೆ. 1972ರ ‘ಬಂಗಾರದ ಮನುಷ್ಯ’ದ ರಾಜೀವಪ್ಪನ ಹಾಡುಗಳನ್ನ ಬೇರೆ ದನಿಯಲ್ಲಿ ಊಹಿಸಿಕೊಳ್ಳಿ ನೋಡೋಣ. ಆಗಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಮ್ಮ ಸದ್ಯದ ಊರಿನ ಕಡೆ ತಿರುಗೋಣ. ಕಾರಣ ಇದೆ.

ಟೆಕ್ನೋಪಾರ್ಕ್ ಕ್ಯಾಂಟೀನಲ್ಲಿ ನಮ್ಮ ಮಲಯಾಳಿ ಗೆಳೆಯರಿಗೆ ‘ನಮ್ಮ ರಾಜ್‌ಕುಮಾರ್ ತಮ್ಮ ಹಾಡನ್ನ ತಾವೇ ಹಾಡ್ತಿದ್ರು’ ಅಂದ್ರೆ ಒಂಥರಾ ನೋಡ್ತಾರೆ. ಅವರ ಪ್ರಕಾರ ಹಾಡೋದಕ್ಕೆ ಯೇಸುದಾಸ್ ಇದ್ದಾರೆ, ನಟಿಸೋದಕ್ಕೆ ಮೋಹನ್‌ಲಾಲ್ ಇದ್ದಾರೆ. ಮೋಹನ್‌ಲಾಲ್ ಹಾಡಿಲ್ಲ ಅಂತಲ್ಲ, 1990ರ ‘ಏಯ್ ಆಟೋ’ ಹಾಡು ಎಲ್ಲರಿಗೂ ಬಾಯಿಪಾಠ. ಆದರೆ ಅದು ಒಗ್ಗರಣೆ, ಊಟ ಅಲ್ಲ. ಕೇರಳದಲ್ಲಿ ಈ ಭಾಗಾಕಾರ ಬಹಳ ಗಟ್ಟಿ. ಯಾಕಿಷ್ಟು ಗಟ್ಟಿ ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಕಥಕ್ಕಳಿ.

ತಿರುವನಂತಪುರಂ ಕೋಟೆ ಹತ್ತಿರ ‘ಮಾರ್ಗಿ’ ಅಂತ ಒಂದು ಸಂಸ್ಥೆ ಇದೆ, ಹೋಗಿಲ್ಲದಿದ್ರೆ ಒಂದು ಸಂಜೆ ಹೋಗಿ. ಕಥಕ್ಕಳಿಯಲ್ಲಿ ವೇಷಧಾರಿ ಬಾಯಿಯೇ ಬಿಡಲ್ಲ. ಹಿಂದೆ ನಿಂತ ಇಬ್ಬರು ಹಾಡ್ತಾರೆ. ಮುಖ್ಯ ಗಾಯಕ ಪೊನ್ನಾನಿ, ಅವರ ಕೈಯಲ್ಲಿ ಚೇಂಗಿಲ. ಜೊತೆಗಾರ ಶಿಂಗಿಡಿ, ಅವರ ಕೈಯಲ್ಲಿ ಇಲತ್ತಾಳ. ಮುಂದೆ ಕಣ್ಣು, ಹುಬ್ಬು, ಮುದ್ರೆ. ಮೊದಲು ರಾಮನಾಟ್ಟಂ ಅಂತಿದ್ದ ಕಾಲದಲ್ಲಿ ನಟನೇ ಹಾಡ್ತಿದ್ದ, ವೆಟ್ಟತ್ತು ರಾಜ ಬಂದು ಹಾಡನ್ನ ಹಿಂದಿನವರಿಗೆ ವಹಿಸಿದ ಅಂತ ಪರಂಪರೆ ಹೇಳುತ್ತೆ. ಅಂದ್ರೆ ಮೈಕ್ ಹುಟ್ಟೋಕೆ ಎಷ್ಟೋ ಮುಂಚೆ ಕೇರಳದಲ್ಲಿ ಹಿನ್ನೆಲೆ ಗಾಯನ ಇತ್ತು, ಅಕ್ಷರಶಃ ಹಿನ್ನೆಲೆಯಲ್ಲಿ ನಿಂತು! ಕಾಸರಗೋಡಿಂದ ಮೇಲಕ್ಕೆ ಬಂದ್ರೆ ನಮ್ಮ ಯಕ್ಷಗಾನದಲ್ಲೂ ಭಾಗವತರೇ ಹಾಡೋದು. ಆದರೆ ಅಲ್ಲಿ ವೇಷಧಾರಿಗೆ ಮಾತಿದೆ, ಅರ್ಥ ಹೇಳ್ತಾನೆ, ಅಲ್ಲೇ ಹುಟ್ಟಿಸಿಕೊಂಡು ವಾದ ಮಾಡ್ತಾನೆ. ದನಿಯನ್ನ ಪೂರ್ತಿ ಬಿಟ್ಟುಕೊಟ್ಟಿಲ್ಲ.

ಹಾಗಂತ ಮಲಯಾಳಂನಲ್ಲಿ ಹಾಡುವ ನಟರೇ ಇರಲಿಲ್ಲ ಅಂದ್ಕೋಬೇಡಿ. ಅಲ್ಲೂ ತಮಿಳು ಶೈಲಿಯ ಸಂಗೀತ ನಾಟಕಗಳ ದೊಡ್ಡ ಯುಗ ಇತ್ತು. ಸೆಬಾಸ್ಟಿಯನ್ ಕುಂಞುಕುಂಞು ಭಾಗವತರ್, ಫೋರ್ಟ್ ಕೊಚ್ಚಿಯ ಆಗಸ್ಟಿನ್ ಜೋಸೆಫ್, ಇವರೆಲ್ಲ ರಂಗದ ಮೇಲೆ ಹಾಡಿ ಹೆಸರಾದ ನಟರು. 1948ರ ‘ನಿರ್ಮಲ’ದಿಂದ ಮಲಯಾಳಂ ಸಿನಿಮಾಕ್ಕೆ ಹಿನ್ನೆಲೆ ಗಾಯನ ಬಂತು. ಆದರೂ 1950ರ ‘ನಲ್ಲತಂಗ’ದಲ್ಲಿ ಆಗಸ್ಟಿನ್ ಜೋಸೆಫ್ ನಟಿಸಿದರು, ಹಾಡಿದರು. ವಿ. ದಕ್ಷಿಣಾಮೂರ್ತಿ ಸಂಗೀತ ನೀಡಿದ ಮೊದಲ ಸಿನಿಮಾ ಅದು. ಹೆಚ್ಚು ಕಡಿಮೆ ಹತ್ತು ವರ್ಷದ ನಂತರ, ನವೆಂಬರ್ 1961ರಲ್ಲಿ, ಆಗಸ್ಟಿನ್ ಜೋಸೆಫರ ಮಗ ‘ಕಾಲ್ಪಾಡುಗಳ್’ ಚಿತ್ರಕ್ಕೆ ತನ್ನ ಮೊದಲ ಹಾಡು ಹಾಡಿದ. ಆ ಮಗನ ಹೆಸರು ಯೇಸುದಾಸ್. ಅಪ್ಪನ ಕಾಲದಲ್ಲಿ ಒಂದೇ ಆಗಿದ್ದ ಕೆಲಸ ಮಗನ ಕಾಲಕ್ಕೆ ಎರಡಾಗಿತ್ತು. ಅಪ್ಪ ರಂಗದ ಮೇಲೆ ಮುಖ ಕಾಣಿಸಿ ಹಾಡಿದ, ಮಗ ಇಡೀ ಕೇರಳದ ನಾಯಕರಿಗೆಲ್ಲ ದನಿಯಾದ.

ಇನ್ನೊಂದು ಸಂಗತಿ. ಪಿಬಿಎಸ್ ಇಲ್ಲಿಯವರಿಗೂ ಅಪರಿಚಿತರಲ್ಲ. 1963ರ ‘ನಿಣಮಣಿಞ್ಞ ಕಾಲ್ಪಾಡುಗಳ್’ ಚಿತ್ರದಲ್ಲಿ ಬಾಬುರಾಜ್ ಸಂಗೀತದಲ್ಲಿ ಅವರು ಹಾಡಿದ ಹಾಡನ್ನ ಇಲ್ಲಿಯ ಹಿರಿಯರು ಈಗಲೂ ಗುನುಗ್ತಾರೆ. ನಿಮ್ಮ ಮನೆ ಮಾಲೀಕರಿಗೆ ಅರವತ್ತೈದು ದಾಟಿದ್ರೆ ಪಿ.ಬಿ. ಶ್ರೀನಿವಾಸ್ ಅಂತ ಹೇಳಿ ನೋಡಿ. ಅಡ್ವಾನ್ಸ್ ಕಡಿಮೆ ಮಾಡ್ತಾರೆ ಅಂತ ಗ್ಯಾರಂಟಿ ಕೊಡಲ್ಲ, ಆದರೆ ಮುಖ ಅರಳುತ್ತೆ.

ಈಗ ಮತ್ತೆ 1974ಕ್ಕೆ ಬರೋಣ. ರಾಜ್‌ಕುಮಾರ್ ಅವತ್ತು ಮೊದಲ ಸಲ ಹಾಡಿದ್ದಲ್ಲ ಅಂತ ಹೇಳಿದೆ. ದಾಖಲೆಯಲ್ಲೇ ಇದೆ. 1956ರ ‘ಓಹಿಲೇಶ್ವರ’ದಲ್ಲೇ ಅವರ ದನಿ ಸ್ವಲ್ಪ ಕೇಳುತ್ತೆ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ಒಂದು ಪೂರ್ತಿ ಯುಗಳಗೀತೆ, ‘ತುಂಬಿತು ಮನವ’. ಸಂಗೀತ ಯಾರು? ಅದೇ ಜಿ.ಕೆ. ವೆಂಕಟೇಶ್. ಅಂದ್ರೆ ಈ ದನಿ ಏನು ಮಾಡಬಲ್ಲದು ಅಂತ ವೆಂಕಟೇಶ್ ಅವರಿಗೆ ಹದಿನೈದು ವರ್ಷ ಮುಂಚೆಯೇ ಗೊತ್ತಿತ್ತು. ಪಿಬಿಎಸ್ ಬರದ ದಿನ ಅವರು ಕತ್ತಲೆಯಲ್ಲಿ ಕಲ್ಲು ಹೊಡೆದಿಲ್ಲ.

ಇನ್ನೂ ಒಂದು. ‘ಸಂಪತ್ತಿಗೆ ಸವಾಲ್’ ಮೂಲತಃ ಪಿ.ಬಿ. ಧುತ್ತರಗಿ ಅವರ ನಾಟಕ, ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯಲ್ಲಿ ಧೂಳೆಬ್ಬಿಸಿದ ನಾಟಕ. ಕಂಪನಿಯ ಹುಡುಗ ತನ್ನ ದನಿಯನ್ನ ವಾಪಸ್ ಪಡೆದದ್ದು ಕಂಪನಿ ನಾಟಕದಿಂದ ಬಂದ ಸಿನಿಮಾದಲ್ಲೇ. ಇದನ್ನ ಯಾರೂ ಪ್ಲಾನ್ ಮಾಡಿರಲಿಕ್ಕಿಲ್ಲ. ಆದರೆ ಹಾಡು ಕೇಳಿದಾಗ ಇದು ಕಾಕತಾಳೀಯ ಅಂತ ಪಕ್ಕಕ್ಕಿಡೋಕೆ ನನಗೆ ಮನಸ್ಸಾಗಲ್ಲ.

ಹಾಡು ಯಾಕೆ ಅಷ್ಟು ಚೆನ್ನಾಗಿ ಬಂತು? ನನ್ನ ಲೆಕ್ಕ ಹೀಗಿದೆ. ಪಿಬಿಎಸ್ ದನಿ ಜೇನು. ಮೆತ್ತಗೆ, ಮೈಕಿಗೆ ಹತ್ತಿರ, ಒಳಗೊಳಗೆ ಮರುಗುವ ನಾಯಕನಿಗೆ ಹೇಳಿ ಮಾಡಿಸಿದ್ದು. ಹಳ್ಳಿಯ ಒರಟ ಎಮ್ಮೆ ಮೇಲೆ ಕೂತು ಬರುವಾಗ ಜೇನು ಸುರಿಯೋ ಹಾಗಿಲ್ಲ. ಅಲ್ಲಿ ಬಯಲಿನ ದನಿ ಬೇಕು. ಎಮ್ಮೆ ಓಡಿಸೋ ಕೂಗು, ಅದರ ಜೊತೆ ಮಾತು, ಮಾತಿನ ಕೊನೆಯಲ್ಲೊಂದು ನಗು, ಇದೆಲ್ಲ ಹಾಡಿನ ಒಳಗೇ ಇರಬೇಕು. ಹಾಡು ಎಲ್ಲಿ ನಿಂತು ಮಾತು ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗಬಾರದು. ಅದು ರಂಗಗೀತೆಯ ಕಸುಬು. ಮಹಾಪ್ರಾಣಗಳನ್ನ ಕೇಳಿ, ಹಕಾರ ಕೇಳಿ, ಳಕಾರ ಕೇಳಿ. ಟೆಂಟಿನ ಕೊನೆ ಸಾಲಿಗೆ ಕೇಳಿಸೋಕೆ ಕಲಿತ ಉಚ್ಚಾರ ಅದು, ಮೈಕ್ ಮುಂದೆ ಬಂದು ನಿಂತಿದೆ ಅಷ್ಟೇ.

ಜೊತೆಗೆ ಇನ್ನೊಂದು ತರಬೇತಿಯೂ ಇತ್ತು ಅಂತ ನನಗನ್ನಿಸುತ್ತೆ. ಇಪ್ಪತ್ತು ವರ್ಷ ಇನ್ನೊಬ್ಬರ ಹಾಡಿಗೆ ತುಟಿ ಆಡಿಸೋದು ಅಂದ್ರೆ ಏನು ಯೋಚಿಸಿ. ಗಾಯಕ ಎಲ್ಲಿ ಉಸಿರು ತಗೋತಾನೆ, ಯಾವ ಅಕ್ಷರವನ್ನ ಎಳೀತಾನೆ, ಎಲ್ಲಿ ಸಣ್ಣಗೆ ನಡುಗಿಸ್ತಾನೆ, ಎಲ್ಲ ಬಾಯಿಪಾಠ ಆಗಬೇಕು. ಇಲ್ಲದಿದ್ರೆ ಕ್ಲೋಸಪ್‌ನಲ್ಲಿ ಸಿಕ್ಕಿಬೀಳ್ತಾನೆ. ಪಿಬಿಎಸ್ ಅವರ ನೂರಾರು ಹಾಡುಗಳನ್ನ ಹೀಗೆ ಉಸಿರು ಉಸಿರಾಗಿ ಅಭ್ಯಾಸ ಮಾಡಿದ ಇನ್ನೊಬ್ಬ ಮನುಷ್ಯ ಭೂಮಿ ಮೇಲೆ ಇರಲಿಲ್ಲ. ಮೈಕಿನಲ್ಲಿ ಹಾಡೋದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಕೋರ್ಸ್ ಎಲ್ಲಿದೆ? ಗುಬ್ಬಿ ಕಂಪನಿ ಒಂದು ಗುರುಕುಲ ಆದ್ರೆ ಪಿಬಿಎಸ್ ಎರಡನೆಯದು.

ಆಮೇಲಿನದ್ದು ನಿಮಗೆ ಗೊತ್ತು. ಎಪ್ಪತ್ತರ ದಶಕದ ಉಳಿದ ವರ್ಷಗಳಲ್ಲಿ ಒಂದರ ಹಿಂದೆ ಒಂದು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನ ಇಂಗ್ಲಿಷ್ ಹಾಡು ಎಲ್ಲ ಕನ್ನಡ ಟೀಮ್ ಗ್ರೂಪುಗಳಲ್ಲೂ ಡೆಡ್‌ಲೈನ್ ಮೀಮ್ ಆಗಿ ಇನ್ನೂ ಬದುಕಿದೆ. ಅದನ್ನ ತಮಾಷೆಗೆ ಹಾಕೋರು ಒಂದ್ಸಲ ಪೂರ್ತಿ ಕೇಳಿ. ಇಂಗ್ಲಿಷ್ ಮಾತಾಡಿ ಬೆಳೆಯದ ಮನುಷ್ಯ, ಹತ್ತಿರ ಹತ್ತಿರ ಐವತ್ತು ವಯಸ್ಸು, ಪಾಶ್ಚಾತ್ಯ ತಾಳದಲ್ಲಿ ಎಳ್ಳಷ್ಟೂ ಸಂಕೋಚ ಇಲ್ಲದೆ ಹಾಡ್ತಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಕ್ಲೈಂಟ್ ಕಾಲ್‌ನಲ್ಲಿ ಆ ಧೈರ್ಯ ಇದೆ?

1983ರ ‘ಕವಿರತ್ನ ಕಾಳಿದಾಸ’. ರೇಣುಕಾ ಶರ್ಮ ನಿರ್ದೇಶನ, ಎಂ. ರಂಗರಾವ್ ಸಂಗೀತ. ಕುರಿ ಕಾಯುವ ದಡ್ಡನಿಗೆ ಕಾಳಿ ಒಲಿದು ಮೊದಲ ಸಲ ಬಾಯಿ ತೆರೆದಾಗ ಸಂಸ್ಕೃತ ಶ್ಲೋಕ ಬರುತ್ತೆ, ‘ಮಾಣಿಕ್ಯವೀಣಾ’. ಆ ದನಿ ರಾಜ್‌ಕುಮಾರ್ ಅವರದೇ. 1955ರ ಕಾಳಿದಾಸನಿಗೆ ಹಾಡುವ ನಟ ಇದ್ದ. ಮಧ್ಯೆ ಮೂವತ್ತು ವರ್ಷದ ಹತ್ತಿರ ಹತ್ತಿರ ಮದ್ರಾಸಿನ ವ್ಯವಸ್ಥೆ. ಮತ್ತೆ ಕಾಳಿದಾಸ ಬಂದಾಗ ಅವನೂ ಹಾಡುವ ನಟ. ದನಿ ಬರೋದೇ ಕಥೆಯ ತಿರುಳಾಗಿರೋ ಪಾತ್ರಕ್ಕೆ ಬಾಡಿಗೆ ದನಿ ಇದ್ದಿದ್ರೆ ಆ ದೃಶ್ಯ ಹೇಗಿರ್ತಿತ್ತೋ.

ಆದರೆ ನನ್ನ ಪ್ರಕಾರ ಈ ಇಡೀ ಇತಿಹಾಸ ಒಂದೇ ಹಾಡಿನಲ್ಲಿ ಸಿಗೋದು 1977ರ ‘ಬಬ್ರುವಾಹನ’ದಲ್ಲಿ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಟಿ.ಜಿ. ಲಿಂಗಪ್ಪ ಸಂಗೀತ. ಅರ್ಜುನನೂ ರಾಜ್‌ಕುಮಾರ್, ಅವನ ಮಗ ಬಬ್ರುವಾಹನನೂ ರಾಜ್‌ಕುಮಾರ್. ಯುದ್ಧಕ್ಕೆ ಮುಂಚೆ ಅಪ್ಪ ಮಗ ಎದುರು ಬದುರು ನಿಂತು ಹಾಡಿನಲ್ಲೇ ಹಂಗಿಸಿಕೊಳ್ತಾರೆ, ಹಳೇ ಕಂಪನಿ ನಾಟಕದ ವಾಗ್ವಾದದ ಹಾಗೆ. ತೆರೆ ಮೇಲೆ ಎರಡೂ ಮುಖ ಒಬ್ಬರದೇ. ದನಿ ಮಾತ್ರ ಎರಡು. ಒಂದು ರಾಜ್‌ಕುಮಾರ್ ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು.

ಒಂದು ನಿಮಿಷ ಇಲ್ಲಿ ನಿಲ್ಲಿ. ಇಪ್ಪತ್ತು ವರ್ಷ ಈ ಮುಖಕ್ಕೆ ದನಿಯಾಗಿದ್ದವರು, ಮತ್ತು ಮೂರು ವರ್ಷದಿಂದ ತಾನೇ ದನಿಯಾಗಿರೋ ಮುಖದ ಒಡೆಯ, ಒಂದೇ ಹಾಡಿನಲ್ಲಿ ಪೈಪೋಟಿಗೆ ಬಿದ್ದಿದ್ದಾರೆ. ಎರಡೂ ‘ರಾಜ್‌ಕುಮಾರ್ ದನಿ’ಯೇ. ಒಬ್ಬರೂ ಬಿಟ್ಟುಕೊಡಲ್ಲ. ಕಣ್ಣು ಮುಚ್ಚಿ ಕೇಳಿದ್ರೆ ವ್ಯತ್ಯಾಸ ಸ್ಪಷ್ಟ, ಕಣ್ಣು ಬಿಟ್ಟು ನೋಡಿದ್ರೆ ಎರಡೂ ಆ ಮುಖಕ್ಕೆ ಒಪ್ಪುತ್ತೆ. ಪೌರಾಣಿಕ ಕಥೆ ಪಕ್ಕಕ್ಕಿಟ್ಟು ಬರೀ ಇದಕ್ಕೋಸ್ಕರ ನಾನು ಆ ಹಾಡನ್ನ ಎಷ್ಟು ಸಲ ಕೇಳಿದ್ದೀನೋ.

ಇಲ್ಲೇ ಒಂದು ಕಷ್ಟದ ಮಾತೂ ಬರುತ್ತೆ. ಶರೀರಕ್ಕೆ ಶಾರೀರ ಸಿಕ್ಕಿತು ಅಂತ ನಾವು ಸಂಭ್ರಮಿಸ್ತೀವಿ. ಇನ್ನೊಬ್ಬರ ಶಾರೀರಕ್ಕೆ ಶರೀರ ತಪ್ಪಿಹೋಯ್ತು ಅನ್ನೋದನ್ನ ಅಷ್ಟಾಗಿ ಹೇಳಲ್ಲ. ಒಂದೇ ದಿನದಲ್ಲಿ ಆದದ್ದಲ್ಲ. 1975ರ ‘ಮಯೂರ’ದಲ್ಲೂ ಪಿಬಿಎಸ್ ಇದ್ದಾರೆ, ಅದರ ಒಂದು ಹಾಡು ಇವತ್ತಿಗೂ ಸಮಾರಂಭಗಳಲ್ಲಿ ಕೇಳುತ್ತೆ. ಆದರೆ ನಿಧಾನಕ್ಕೆ ನಾಯಕನ ಹಾಡುಗಳೆಲ್ಲ ನಾಯಕನ ಪಾಲಾದವು. ಪಿಬಿಎಸ್ ಕಹಿಯಾಗಲಿಲ್ಲ, ಅಣ್ಣಾವ್ರೂ ಅವರನ್ನ ಕೊನೆವರೆಗೂ ಗೌರವದಿಂದಲೇ ನೆನೆದರು. ಅದು ಇಬ್ಬರ ದೊಡ್ಡತನ. ಆದರೆ ಇಬ್ಬರೂ ದೊಡ್ಡವರು ಅಂದ ಮಾತ್ರಕ್ಕೆ ಒಬ್ಬರಿಗಾದ ನಷ್ಟ ನಷ್ಟ ಅಲ್ಲ ಅಂತಾಗಲ್ಲ. ಯಾವುದೋ ಪ್ರಾಜೆಕ್ಟ್ ‘ಇನ್‌ಹೌಸ್’ ಆಯ್ತು ಅಂತ ಮೇಲ್ ಬಂದಾಗ ವೆಂಡರ್ ಟೀಮಲ್ಲಿ ಕೂತಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ.

ಇನ್ನು ‘ಹಾಡು ಬರೆದು ಹಾಡುವ ನಟ’ ಅನ್ನೋ ವಿಷಯ. ಈಗ ಸ್ಟಾರ್‌ಗಳು ತಾವೇ ಬರೆದು, ಹಾಡಿ ಆಲ್ಬಂ ಬಿಡೋ ಕಾಲ. ರಾಜ್‌ಕುಮಾರ್ ಹಾಡು ಬರೆಯಲಿಲ್ಲ. ಅವರ ದನಿಗೆ ಮಾತು ಕೊಟ್ಟವರು ಹೆಚ್ಚಾಗಿ ಚಿ. ಉದಯಶಂಕರ್, ಆ ಬಾಯಿಗೆ ಯಾವ ಅಕ್ಷರ ಒಪ್ಪುತ್ತೆ ಅಂತ ಬಲ್ಲವರು. ಉದಯಶಂಕರ್ ಅವರ ತಂದೆ ಚಿ. ಸದಾಶಿವಯ್ಯ ಕೂಡ ಸಿನಿಮಾಕ್ಕೆ ಬರೆದವರೇ. ನಟಿಸಿ, ಹಾಡಿ, ಸಂಗೀತ ಮಾಡಿ, ನಿರ್ದೇಶಿಸಿ ಎಲ್ಲವನ್ನೂ ಒಬ್ಬನೇ ಮಾಡಿದ ಭಾರತೀಯ ಸ್ಟಾರ್ ಬೇಕು ಅಂದ್ರೆ ಕಿಶೋರ್ ಕುಮಾರ್ ಇದ್ದಾರೆ. ಅವರು ಕನ್ನಡದಲ್ಲೂ ಹಾಡಿದ್ದಾರೆ, 1972ರ ‘ಕುಳ್ಳ ಏಜೆಂಟ್ 000’ಗೆ. ನಮ್ಮ ಈ ಕಥೆಯಲ್ಲಿ ನಿಜಕ್ಕೂ ಬರೆದು ಹಾಡಿದವರು ಯಾರು ಗೊತ್ತಾ? ಪಿಬಿಎಸ್. ಅವರು ಹಲವು ಭಾಷೆಗಳಲ್ಲಿ ಕವಿತೆ ಬರೀತಿದ್ದರು, ‘ನವನೀತ ಸುಮಸುಧಾ’ ಅಂತ ಒಂದು ರಾಗವನ್ನೇ ಕಟ್ಟಿದರು. ಚೆನ್ನೈನ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಲ್ಲಿ ಜೇಬಿನ ತುಂಬ ಪೆನ್ನು ಸಿಕ್ಕಿಸಿಕೊಂಡು ಬರೀತಾ ಕೂತಿರ್ತಿದ್ದದ್ದು ಆ ಊರಿನ ಎಷ್ಟೋ ಜನರ ನೆನಪು. ಹೋಟೆಲ್ 2008ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಉದ್ಯಾನ ಇದೆ. ಅವರು ತೀರಿಕೊಂಡದ್ದು 14 ಏಪ್ರಿಲ್ 2013.

ಒಬ್ಬರಿಗೆ ದನಿ ವಾಪಸ್ ಸಿಕ್ಕಿದ್ದರ ಫಲ ಸಿನಿಮಾದ ಹೊರಗೂ ಕಂಡಿತು. ತುಟಿ ಆಡಿಸೋ ಸ್ಟಾರ್ ವೇದಿಕೆ ಹತ್ತಿದ್ರೆ ಕೈ ಬೀಸಿ ಇಳೀಬೇಕು. ಹಾಡೋ ಸ್ಟಾರ್ ರಸಮಂಜರಿ ಮಾಡಬಹುದು, ಭಕ್ತಿಗೀತೆ ಕ್ಯಾಸೆಟ್ ಮಾಡಬಹುದು. ನಮ್ಮ ಅಮ್ಮಂದಿರ ಗುರುವಾರದ ಬೆಳಗುಗಳಲ್ಲಿ ರಾಯರ ಹಾಡು ಹಾಡಿದ ದನಿ ಯಾರದು? ಟೇಪ್‌ರೆಕಾರ್ಡರ್ ಪಕ್ಕ ಊದುಬತ್ತಿ ಹಚ್ಚಿಟ್ಟ ಮನೆಗಳಲ್ಲಿ ಆ ದನಿಗೆ ಸಿನಿಮಾದ ಮುಖವೇ ಬೇಕಾಗಿರಲಿಲ್ಲ.

1992. ‘ಜೀವನ ಚೈತ್ರ’, ದೊರೈ-ಭಗವಾನ್ ನಿರ್ದೇಶನ, ಉಪೇಂದ್ರ ಕುಮಾರ್ ಸಂಗೀತ. ಅದರ ‘ನಾದಮಯ’ ಹಾಡಿಗೆ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರ ಪ್ರಶಸ್ತಿ ಬಂತು. ವಯಸ್ಸು 63. ತೋಡಿಯಂಥ ಭಾರವಾದ ರಾಗ, ಶಾಸ್ತ್ರೀಯ ಗಾಯಕರೂ ಹುಷಾರಾಗಿ ಹೆಜ್ಜೆ ಇಡುವ ಜಾಗ. ಇನ್ನೂರಕ್ಕೂ ಹೆಚ್ಚು ಸಿನಿಮಾದಲ್ಲಿ ನಟಿಸಿದ ಮನುಷ್ಯನಿಗೆ ನಟನೆಗಾಗಿ ಆ ರಾಷ್ಟ್ರ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಬಂದದ್ದು ಹಾಡಿಗೆ. ದೆಹಲಿಯ ತೀರ್ಪುಗಾರರ ಬಗ್ಗೆ ನನಗೆ ಬೇರೆ ಮಾತಿದೆ, ಅದನ್ನ ಇನ್ನೊಂದು ವಿಡಿಯೋಗೆ ಇಟ್ಕೊಳ್ತೀನಿ.

ಈ ವಾರ ಕೇಳೋಕೆ ನಾಲ್ಕು ಹಾಡು ಹೇಳ್ತೀನಿ. ಇಯರ್‌ಫೋನ್ ಹಾಕ್ಕೊಂಡು, ಇದೇ ಕ್ರಮದಲ್ಲಿ ಕೇಳಿ. ಮೊದಲು ‘ಭಕ್ತ ಕನಕದಾಸ’ದ ಪಿಬಿಎಸ್. ಆಮೇಲೆ ಎಮ್ಮೆ ಹಾಡು. ಆಮೇಲೆ ‘ಬಬ್ರುವಾಹನ’ದ ಜಗಳ. ಕೊನೆಗೆ 1995ರ ‘ಓಂ’ ಚಿತ್ರದ ‘ಹೇ ದಿನಕರ’. ಉಪೇಂದ್ರ ನಿರ್ದೇಶನ, ಹಂಸಲೇಖ ಸಂಗೀತ. ಆ ಸಿನಿಮಾದಲ್ಲಿ ರಾಜ್‌ಕುಮಾರ್ ನಟಿಸಿಲ್ಲ. ತೆರೆ ಮೇಲೆ ಶಿವರಾಜ್‌ಕುಮಾರ್ ತುಟಿ ಆಡಿಸ್ತಾರೆ, ಹಿಂದಿನಿಂದ ಅಪ್ಪ ಹಾಡ್ತಾರೆ.